ಮಂಡಿಗೆ ತಕ್ಕ ಪಟ್ಟಿ

"ನಲವತ್ತು ವರ್ಷ ಬಟ್ಟೆ ಜೊತೆ ಬಾಳಿದವನು ನಾನು! ಅಂಗೈಯಗಲದ ಪಟ್ಟಿ ಆರಿಸೋಕೆ ನೀವು ಹೇಳಿಕೊಡಬೇಕಾ ನರ್ಸಮ್ಮ?" ಎಂದು ಟೈಲರ್ ಮಾಮ ಫೋನಿಟ್ಟೇಬಿಟ್ಟರು.

ಹೆಂಡತಿಗೆ ಮಂಡಿ ಬದಲಿಸುವ ಆಪರೇಷನ್ ಆಗಿ ಆರು ದಿನ. ಗಾಯದ ಮೇಲಿನ ಪಟ್ಟಿಯ ಅಂಚು ನೀರು ತಾಗಿ ಮೇಲೆದ್ದಿತ್ತು. ಒದ್ದೆ ಒಳಗಿಳಿದರೆ ಕೀವು ಕಟ್ಟೀತು, ಹೊಸದು ತಂದಿಡಿ, ಸಂಜೆ ಬಂದು ಹಾಕುತ್ತೇನೆ ಎಂದಿದ್ದರು ನರ್ಸಮ್ಮ. ಯಾವುದು ತರಬೇಕೆಂದು ಹೇಳಲು ಮಾಮ ಬಿಟ್ಟರೆ ತಾನೇ!

ಔಷಧಿ ಅಂಗಡಿಯವನು ಹತ್ತಿಯದು, ಸ್ಪಂಜಿನದು, ಗಾಜಿನಂತೆ ತಿಳಿಯಾದದ್ದು ಎಲ್ಲ ಹರಡಿದ. "ಮಂಡಿಗಾದ್ರೆ ಹಿಗ್ಗೋದು ತಗೊಳ್ಳಿ ಸಾರ್."

"ಹಿಗ್ಗೋದೆಲ್ಲ ಜೋಲು ಬೀಳುತ್ತಪ್ಪ! ಗಟ್ಟಿಯಾಗಿರೋದು, ಅಂಟಿದ್ರೆ ಬಿಡದೇ ಇರೋದು ಕೊಡು!"

ಮನೆಯಲ್ಲಿ ಹೆಂಡತಿ ಅದನ್ನು ತಿರುಗಿಸಿ ನೋಡಿದಳು. "ಇದು ಬಿಡಿಸೋಕೆ ಬರುತ್ತೇನ್ರೀ?"

"ಅಂಟು ಅಂದ್ರೆ ನಮ್ಮ ನಂಟಿನ ಹಾಗಿರಬೇಕು ಕಣೇ!"

"ನಂಟು ಬಿಡಿಸೋ ಹಾಗಿಲ್ಲ, ಒಪ್ಪಿದೆ. ಪಟ್ಟಿ ಬಿಡಿಸಬೇಕಲ್ಲ?"

"ಹೂವಿನ ಹಾಗೆ ಬರುತ್ತೆ, ನೋಡು!" ಮಾಮ ಪಂಚೆ ಮೇಲೆತ್ತಿ, ಕಾಡಿನಂತೆ ರೋಮ ಬೆಳೆದ ತಮ್ಮ ಮಂಡಿಗೇ ಒಂದನ್ನು ಪಟಾರನೆ ಬಡಿದರು. ಒಂದು ಮೂಲೆ ಹಿಡಿದೆಳೆದರು.

"ಅಯ್ಯಯ್ಯೋ!"

ಪಟ್ಟಿ ಕೂದಲೆಳೆಯಷ್ಟೂ ಕದಲಲಿಲ್ಲ. ಕೂರಲು ಹೋದರೆ ಚರ್ಮವೇ ಕಿತ್ತು ಬಂದಂತೆ! ಕೊನೆಗೆ ಹೆಂಡತಿಯ ವಾಕರನ್ನೇ ಹಿಡಿದು, ಕಾಲು ಸೆಟೆಸಿಕೊಂಡು, ಮಾಮ ಪಡಸಾಲೆಯಲ್ಲಿ ಸುತ್ತತೊಡಗಿದರು. ಸಂಜೆ ಬಂದ ನರ್ಸಮ್ಮ ಹೊಸ್ತಿಲಲ್ಲೇ ನಿಂತರು. ಕುರ್ಚಿಯಲ್ಲಿ ಆರಾಮಾಗಿ ಕೂತ ಹೆಂಡತಿಯನ್ನು ನೋಡಿದರು, ಕುಂಟುತ್ತಿದ್ದ ಗಂಡನನ್ನು ನೋಡಿದರು.

"ಆಪರೇಷನ್ ಆಗಿದ್ದು ಯಾರಿಗಮ್ಮ?"

ಕಾರಣ ಕೇಳಿ ನಕ್ಕು, ತಮ್ಮ ಚೀಲದಿಂದಲೇ ಮೆತ್ತನೆಯ ಪಟ್ಟಿ ತೆಗೆದು ಹೆಂಡತಿಯ ಗಾಯಕ್ಕೆ ಹಾಕಿದರು. ಪುಣ್ಯಕ್ಕೆ ಗಾಯ ಒಣಗಿಯೇ ಇತ್ತು. "ಮಂಡಿ ಮಡಚಿದಾಗ ಪಟ್ಟಿನೂ ಹಿಗ್ಗಬೇಕು. ಇಲ್ಲದಿದ್ರೆ ಚರ್ಮ ಎಳೆದು ಬೊಬ್ಬೆ ಏಳುತ್ತೆ."

"ಬೊಬ್ಬೆ ಆಗಲೇ ಎದ್ದಾಯ್ತು ನರ್ಸಮ್ಮ, ಬೀದಿಗೆಲ್ಲ ಕೇಳಿಸ್ತು!" ಎಂದಳು ಹೆಂಡತಿ. ಆದರೂ ನರ್ಸಮ್ಮ ಎಣ್ಣೆ ಹಚ್ಚಿ ಎಳೆಎಳೆಯಾಗಿ ಮಾಮನ ಪಟ್ಟಿ ಬಿಡಿಸುವಾಗ ಗಂಡನ ಕೈ ಹಿಡಿದುಕೊಂಡಳು. "ನನ್ನ ಮಂಡಿ ಕೊಯ್ದಾಗಲೂ ನಾನು ಇಷ್ಟು ಕೂಗಿರ್ಲಿಲ್ಲ ಕಣ್ರೀ."

ವಾರದ ನಂತರ ಆಕೆಯೇ ವಾಕರ್ ಊರುತ್ತ ಅಂಗಡಿಗೆ ನಡೆದಳು. ಹಿಂದೆ ಮಾಮ. ಅಂಗಡಿಯವನು ಗೌರವದಿಂದ ಮಾಮನತ್ತ ಬಾಗಿದ. "ಯಾವುದು ಕೊಡಲಿ ಸಾರ್?"

ಮಾಮ ಗಂಟಲು ಸರಿಮಾಡಿಕೊಂಡರು.

"ನನ್ನನ್ನ ಕೇಳಪ್ಪ," ಎಂದಳು ಹೆಂಡತಿ. "ಇವರು ಚೀಲ ಹಿಡಿಯೋಕೆ ಬಂದಿರೋದು."

ಮಾಮ ತಮ್ಮ ಬಾಯಿ ಮುಚ್ಚಿ, ಚೀಲದ ಬಾಯಿ ತೆರೆದರು!