ಏಸಿಗಾಗಿ ಬರುತ್ತಿದ್ದ ಕಾಕಾ

ನಮ್ಮ ಕಾಕಾ ಪ್ರತಿ ರವಿವಾರ ಜೋಗೇಶ್ವರಿಯಿಂದ ಘಾಟ್ಕೋಪರದ ನಮ್ಮ ಮನೆಗೆ ಬರುತ್ತಿದ್ದುದು ಮೆಟ್ರೋದ ಏಸಿಗಾಗಿ ಎಂದರೆ ನೀವು ನಂಬುವುದಿಲ್ಲ. ನಾವು ನಂಬಿದ್ದೆವು! "ತಂಪಿನ ಸಲುವಾಗಿ ಬರ್ತೀನಿ, ನಿಮ್ಮ ಮಾರಿ ನೋಡಾಕಲ್ಲ," ಎಂದು ಅವನೇ ಹೇಳುತ್ತಿದ್ದ. ಒಮ್ಮೆ ಮಳೆಗೆ ಮೆಟ್ರೋ ಸಮೇತ ಎಲ್ಲವೂ ಬಂದ್ ಆದಾಗ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ. "ಏಸಿ ಎಲ್ಲಿ ಕಾಕಾ?" ಎಂದರೆ, "ಇವತ್ತ ಹೊರಗ ಅದಕ್ಕಿಂತ ತಂಪ ಐತಿ!"

ಸಂಬಂಧದಲ್ಲಿ ಅವನು ಅಪ್ಪನ ಚಿಕ್ಕಪ್ಪನ ಮಗ. ನನ್ನ ಅಜ್ಜಿ ಅವನಿಗೆ ದೊಡ್ಡವ್ವ. ಬಂದವನೇ ಅವಳೊಡನೆ ಜಗಳ. ರೊಟ್ಟಿ ದಪ್ಪ, ಪಲ್ಯೆ ಸಪ್ಪೆ, ಚಹಾ ನೀರು. ಬೈಯುತ್ತಲೇ ನಾಲ್ಕು ರೊಟ್ಟಿ ಒಳಗೆ! "ಸೇರಲಾರದ್ದನ್ನ ಹಿಂಗ ತಿಂತಿ, ಸೇರಿದ್ರ ತಾಟೂ ಬಿಡಾಂವಲ್ಲ," ಎಂದು ಅಜ್ಜಿ ಐದನೆಯದನ್ನು ಬಡಿಸುತ್ತಿದ್ದಳು. ಆ ವಯಸ್ಸಿನಲ್ಲೂ ಅವನ ರೊಟ್ಟಿ ಅವಳೇ ಬಡಿಯಬೇಕು, ಸೊಸೆಗೂ ಬಿಡುತ್ತಿರಲಿಲ್ಲ. ಆದರೂ ನನಗೆ ಹೊಳೆಯಲಿಲ್ಲ ನೋಡಿ!

ಅಜ್ಜಿಯ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ವಂಶವೃಕ್ಷ ಬರೆದು ತೂಗುಹಾಕುವ ಹುಚ್ಚು ನನಗೆ ಹತ್ತಿತು. ಅವಳ ಟ್ರಂಕು ಕೆದರಿದೆ. ತಳದಲ್ಲಿ ಒಂದು ದತ್ತಕಪತ್ರ. ಮಕ್ಕಳಿಲ್ಲದ ತಮ್ಮನಿಗೆ ಅಜ್ಜ ತನ್ನ ಎರಡನೆಯ ಮಗನನ್ನು, ಆರು ವರ್ಷದವನನ್ನು, ಕೊಟ್ಟುಬಿಟ್ಟಿದ್ದ. ಹೆಸರು ಓದಿದರೆ ನಮ್ಮ ಏಸಿ ಕಾಕಾ! ಅಪ್ಪನ ಸ್ವಂತ ತಮ್ಮ! ಕೆಳಗೆ ಅಜ್ಜಿಯ ಹೆಬ್ಬೆಟ್ಟು.

ಕಾಗದ ಕಂಡೊಡನೆ ಅಜ್ಜಿ ಅಳತೊಡಗಿದಳು. "ಕೊಟ್ಟ ಮ್ಯಾಲ ಮಗಾ ಅನಬಾರದು ಅಂತ ನಿಮ್ಮಜ್ಜ ನನ್ನ ಕಡಿಂದ, ನಿಮ್ಮಪ್ಪನ ಕಡಿಂದ ಆಣಿ ಮಾಡಿಸಿಕೊಂಡಿದ್ರು. ಅವರು ಹೋದ ಮ್ಯಾಲೂ ಬಾಯಿ ಏಳಲಿಲ್ಲ. ಈ ರವಿವಾರ ಅಂದ್ಬಿಡ್ತೀನಿ, ನೀ ನನ್ನ ಮಗಾ ಅಂತ."

ವಂಶವೃಕ್ಷದ ಸಂಶೋಧಕಿ ನಾನು, ಸುಮ್ಮನಿರುವೆನೇ? "ಬ್ಯಾಡ ಅಜ್ಜಿ! ಮೂರು ವಾರ ತಡಿ. ಕೇಕ್ ಕಟ್ ಮಾಡಿದ ಮ್ಯಾಲ ಎಲ್ಲಾರ ಮುಂದ ಹೇಳು. ವಿಡಿಯೋ ಮಾಡ್ತೀನಿ!"

ಮೊಮ್ಮಗಳ ಮಾತು ಮೀರುವವಳಲ್ಲ. ಎರಡು ರವಿವಾರ ರೊಟ್ಟಿ ಬಡಿಸಿ, ನನ್ನ ಮುಖ ನೋಡಿ, ಸುಮ್ಮನಾದಳು. ಮೂರನೆಯ ರವಿವಾರಕ್ಕೆ ಅಜ್ಜಿಯೇ ಇರಲಿಲ್ಲ.

ದತ್ತಕ ಹೋದವನಿಗೆ ಹೆತ್ತವಳ ಕ್ರಿಯೆ ಮಾಡುವ ಹಕ್ಕಿಲ್ಲವಂತೆ. ಸ್ಮಶಾನದಲ್ಲಿ ಅಪ್ಪ ಬೆಂಕಿಯಿಟ್ಟ. ಕಾಕಾ ನೆಂಟರ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ.

ಹದಿಮೂರನೆಯ ದಿನ ಕಾಗದವನ್ನು ಅವನ ಕೈಗಿತ್ತೆ. ಬಿಚ್ಚಲೂ ಇಲ್ಲ.

"ಗೊತ್ತೈತಿ. ಆರು ವರ್ಷದ ಹುಡುಗ ಹಡದಾಕಿನ್ನ ಮರೀತಾನೇನ? ಒಂದ್ ಸಲರೇ ತಾನೇ ಅಂದಾಳು ಅಂತ ಬರ್ತಿದ್ದೆ. ಅನಲಿಲ್ಲ ಬಿಡು."

ನನ್ನ ನಾಲಿಗೆಗೆ ಬೆಂಕಿ ಬೀಳಲಿ! "ಅನ್ನಾಕಿ ಇದ್ಲು ಕಾಕಾ. ನಾನೇ ತಡದೆ."

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಏನಂತ ಅನ್ನಾಕಿ ಇದ್ಲು?"

"ನೀ ನನ್ನ ಮಗಾ ಅಂತ."

ಕಾಕಾ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಮ್ಮೆ ಅನ್ನು," ಎಂದ.