ಎಮು ನುಂಗಿದ ಫಿಲ್ಮ್ ರೋಲು

ಹುಟ್ಟಿದಾಗಿನಿಂದ ಇವತ್ತಿನವರೆಗೆ ನಾನು ಒಂದೇ ಒಂದು ಸುಳ್ಳೂ ಹೇಳಿದವನಲ್ಲ. ಬೇಕಾದರೆ ಹಡ್ಸನ್ ನದಿಯನ್ನೇ ಕೇಳಿ. ನಾನು ದಡಕ್ಕೆ ಹೋಗಿ ನಿಂತರೆ ನಾಚಿಕೊಂಡು ಹಿಂದಕ್ಕೆ ಹರಿಯುತ್ತದೆ. ಆದ್ದರಿಂದ ನ್ಯೂಜೆರ್ಸಿಯ ನಮ್ಮ ವುಡ್‌ಬ್ರಿಡ್ಜ್ ಅಪಾರ್ಟ್‌ಮೆಂಟಿನ ಮಹಾ ಸುಳ್ಳುಗಾರ ಪ್ರಾಣೇಶನ ಕತೆಯನ್ನು ನನ್ನ ಬಾಯಿಂದಲೇ ಕೇಳಬೇಕು.

ಎರಡು ಸಾವಿರದ ಒಂದನೇ ಇಸವಿ. ಕೀಬೋರ್ಡ್ ಒರೆಸಲು ಬಂದವನನ್ನೂ ಹಿಡಿದು ಕೆಲಸ ಕೊಟ್ಟಿದ್ದ ಕಂಪನಿಗಳು ಈಗ ಶುಕ್ರವಾರಕ್ಕೊಂದು ಸಾಲಿನಂತೆ ಜನರನ್ನು ಮನೆಗೆ ಕಳಿಸುತ್ತಿದ್ದವು. ಜುಲೈನಲ್ಲಿ ಪ್ರಾಣೇಶನ ಸರದಿ. ಬೇಗ ಇನ್ನೊಂದು ಕೆಲಸ ಹಿಡಿಯದಿದ್ದರೆ ವೀಸಾ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕು. ನಾಚಿಕೆಗೆ ಹೆಂಡತಿ ಕಲಾಗೂ ಹೇಳಲಿಲ್ಲ. "ಕ್ಲೈಂಟು ಆಸ್ಟ್ರೇಲಿಯಾಗೆ ಕಳಿಸ್ತಿದ್ದಾರೆ ಕಣೆ, ಮೂರು ವಾರ" ಎಂದು ಸೂಟ್‌ಕೇಸ್ ಹಿಡಿದು ಹೊರಟವನು ಹೋಗಿ ಬಿದ್ದದ್ದು ಮುಕ್ಕಾಲು ಗಂಟೆ ದಾರಿಯ ಫೋರ್ಟ್ ಲೀಯಲ್ಲಿ, ಹಳೆಯ ರೂಮ್‌ಮೇಟ್ ಬದರಿಯ ಸೋಫಾದ ಮೇಲೆ.

ಬದರಿಗೂ ಕೆಲಸ ಹೋಗಿತ್ತು. ಯಾರು ಕೇಳಿದರೂ ತಾನು ಆಸ್ಟ್ರೇಲಿಯಾದಲ್ಲಿದ್ದೇನೆ ಎಂದೇ ಹೇಳಬೇಕೆಂದು ಪ್ರಾಣೇಶ ಅವನಿಂದ ರಾಯರ ಮೇಲೆ ಆಣೆ ಹಾಕಿಸಿಕೊಂಡ. ಫೋನ್ ಬಂದಾಗಲೆಲ್ಲ, ಯಾರೆಂದೂ ಕೇಳದೆ, ಉಪ್ಪಿಟ್ಟಿನ ಚಮಚದಲ್ಲೇ "ಇಲ್ಲ, ಇಲ್ಲ" ಎಂದು ಸನ್ನೆ ಮಾಡುತ್ತಿದ್ದ. ಮೂರು ವಾರದಲ್ಲಿ ಅವನು ಕಳಿಸಿದ ರೆಸ್ಯೂಮೆಗಳನ್ನು ಜೋಡಿಸಿದ್ದರೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಪಕ್ಕ ಇನ್ನೊಂದು ಸೇತುವೆ ಏಳುತ್ತಿತ್ತು. ಉತ್ತರ ಒಂದೂ ಇಲ್ಲ. ಕೊನೆಯ ವಾರ ಬದರಿ ಇವನದೇ ನೀಲಿ ಟೈ ಕೇಳಿ ಕಟ್ಟಿಕೊಂಡು ಎಲ್ಲಿಗೋ ಹೋಗಿಬಂದ. ಇವನು ಎಲ್ಲಿಗೆಂದು ಕೇಳಲಿಲ್ಲ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಆಸ್ಟ್ರೇಲಿಯಾದ ಮರುಭೂಮಿ ವನ್ಯಜೀವಿ ಪಾರ್ಕೊಂದನ್ನು ಬಾಯಿಪಾಠ ಮಾಡುತ್ತಿದ್ದ.

ಮನೆಗೆ ಬಂದು ಅದನ್ನು ಕಲಾಗೆ ಒಪ್ಪಿಸಿದ. ಕಲಾ ಕೆಳಗಿನ ಮನೆಯ ಕೌಸಲ್ಯಾ ಆಂಟಿಗೆ ಹೇಳಿದಳು. ಆಂಟಿಗೆ ಹೇಳಿದರೆ ಇಡೀ ನ್ಯೂಜೆರ್ಸಿಗೆ ಡಂಗುರ ಹೊಡೆದ ಹಾಗೆ. ಭಾನುವಾರವೇ ಆಂಟಿಯ ಮನೆಯಲ್ಲಿ ಪಾಟ್‌ಲಕ್ ನಿಗದಿಯಾಯಿತು, ಎಲ್ಲರೂ ಒಂದೊಂದು ಅಡುಗೆ ತರುವ ಊಟ.

ಪ್ರಾಣೇಶ ತಲೆನೋವೆಂದು ಮಲಗಿಬಿಡುತ್ತಿದ್ದ. ಆದರೆ ಜಯರಾಮು ಬರುತ್ತಾರಂತೆ. ಅವರು ಮ್ಯಾನೇಜರು, ಅವರ ಟೀಮಿನಲ್ಲಿ ಒಂದು ಜಾಗ ಖಾಲಿ ಇದೆಯೆಂಬ ಸುದ್ದಿ. ಮೂಲೆಗೆ ಕರೆದು ಕೇಳಿಬಿಡಬೇಕು, ಅಷ್ಟೇ.

"ಫೋಟೋ ಎಲ್ಲಪ್ಪಾ?" ಆಂಟಿ ಬಾಗಿಲಲ್ಲೇ ಹಿಡಿದರು.

"ಫಿಲ್ಮ್ ರೋಲನ್ನ ಎಮು ನುಂಗಿಬಿಡ್ತು ಆಂಟಿ."

"ಏನದು ಎಮು?"

"ನಮ್ಮ ಜಯರಾಮು ಸಾರ್‌ಗಿಂತ ಒಂದಡಿ ಎತ್ತರದ ಕೋಳಿ."

ಎಲ್ಲರೂ ನಕ್ಕರು, ಜಯರಾಮೂ ನಕ್ಕರು. ಪ್ರಾಣೇಶನಿಗೆ ಧೈರ್ಯ ಬಂತು. "ನಾನು ಎಸೆದ ಬೂಮರಾಂಗ್ ಎರಡು ದಿನ ಬಿಟ್ಟು ವಾಪಸ್ ಬಂತು. ಅಲ್ಲಿನ ಮೂಲನಿವಾಸಿ ಹಿರಿಯರೇ ದಂಗಾಗಿಬಿಟ್ರು! ಇನ್ನು ಜುಲೈ ಬಿಸಿಲೋ, ಕೇಳಬೇಡಿ. ಅಂಗಿ ಜೇಬಲ್ಲಿದ್ದ ಕಡ್ಲೆಬೀಜ ತಾನಾಗೇ ಹುರಿದುಹೋಯ್ತು."

ಆಂಟಿ ಅದನ್ನೆಲ್ಲ ಪಕ್ಕದಲ್ಲಿ ಪುಳಿಯೋಗರೆ ತಿನ್ನುತ್ತಿದ್ದ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. "ಇವಳು ನಮ್ಮ ಆಫೀಸಿನ ಮಾರ್ಗರೆಟ್. ಆ ಮರುಭೂಮಿ ಊರಲ್ಲೇ ಬೆಳೆದೋಳು. ನಿನಗೋಸ್ಕರಾನೇ ಕರೆದೆ ಕಣಪ್ಪ!"

ಪ್ರಾಣೇಶ ಬಾಯಿಗೆ ಒಯ್ಯುತ್ತಿದ್ದ ಕೋಸಂಬರಿಯನ್ನು ವಾಪಸ್ ತಟ್ಟೆಗೆ ಹಾಕಿದ.

ಮಾರ್ಗರೆಟ್ ಮೆಲ್ಲಗೆ ಹೇಳಿದಳು. ಜುಲೈ ಅಲ್ಲಿ ಚಳಿಗಾಲ. ಬೆಳಗಿನ ಜಾವ ಬಕೆಟ್ಟಿನ ನೀರಿನ ಮೇಲೆ ಮಂಜಿನ ಕೆನೆ ಕಟ್ಟುತ್ತದೆ. ಪಾರ್ಕಿನಲ್ಲಿ ಒಬ್ಬ ಅಜ್ಜಿ ಇದ್ದರು, ಆ ನೆಲದವರೇ. ಮಕ್ಕಳನ್ನು ಮರಳಿನ ಮೇಲೆ ಕೂರಿಸಿಕೊಂಡು ಯಾವ ಬೀಜ ತಿನ್ನಬಹುದು, ಯಾವ ಬೇರಲ್ಲಿ ನೀರಿದೆ ಎಂದು ತೋರಿಸುತ್ತಿದ್ದರು. ಬೇರೆ ಕಡೆಯವರ ಕತೆ ಹೇಳಿ ಎಂದರೆ ತಲೆಯಾಡಿಸುತ್ತಿದ್ದರು: "ಅದು ನನ್ನ ಕತೆ ಅಲ್ಲ ಮಗಳೇ. ನನ್ನದಲ್ಲದ್ದನ್ನ ನಾನು ಹೇಳೋ ಹಾಗಿಲ್ಲ."

ಯಾರೂ ನಗಲಿಲ್ಲ. ಕಲಾ ಗಂಡನ ಮುಖ ನೋಡಿದಳು. ಪ್ರಾಣೇಶ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಇನ್ಯಾರದೋ ಮೆಟ್ಟಿಕೊಂಡು ಹೊರಗೆ ಓಡಿದ.

ಪಾರ್ಕಿಂಗ್ ಲಾಟಿನಲ್ಲಿ ಜಯರಾಮು ಬಂದು ಹೆಗಲು ಮುಟ್ಟಿದರು. ಪ್ರಾಣೇಶ ಎಲ್ಲ ಹೇಳಿಬಿಟ್ಟ. "ಕೆಲಸ ಹೋಗಿದೆ ಸಾರ್. ಸೋಫಾ ಮೇಲಿದ್ದೆ. ನಿಮ್ಮ ಟೀಮಲ್ಲಿ..."

"ಅಯ್ಯೋ, ಎಂಥ ಕೆಲಸ ಮಾಡಿದ್ಯೋ! ನಿಮ್ಮ ಕಂಪನೀಲೂ ಜನರನ್ನ ಮನೆಗೆ ಕಳಿಸ್ತಿದಾರೆ ಅಂತ ಕೇಳಿ ಆ ಜಾಗ ನಿನಗೇ ಅಂತ ಇಟ್ಟಿದ್ದೆ ಕಣಯ್ಯ. ನೀನು ಸಿಗಲಿಲ್ಲ ಅಂತ ನಿನ್ನ ಹಳೇ ರೂಮ್‌ಮೇಟ್ ಬದರಿಗೆ ಫೋನ್ ಮಾಡಿದ್ರೆ, 'ಅವನು ಆಸ್ಟ್ರೇಲಿಯಾದಲ್ಲಿದಾನೆ ಸಾರ್, ರಾಯರಾಣೆ. ಆದ್ರೆ ನಾನು ಖಾಲಿ ಇದೀನಿ' ಅಂದ. ನೀಲಿ ಟೈ ಕಟ್ಕೊಂಡು ಲಕ್ಷಣವಾಗಿ ಬಂದಿದ್ದ. ನಾಳೆ ಸೇರ್ಕೋತಾನೆ."

ಇಷ್ಟು ಬರೆಯುವಷ್ಟರಲ್ಲಿ ನನ್ನ ಹೆಂಡತಿ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

"ರೀ, ಪಾರ್ಕಿಂಗ್ ಲಾಟಲ್ಲಿ ಇದ್ದದ್ದು ಇಬ್ಬರೇ ಅಲ್ವಾ? ಅಲ್ಲಿ ಆಡಿದ ಮಾತು ನಿಮಗೆ ಹೇಗೆ ಗೊತ್ತಾಯ್ತು?"

ನಾನು ಬರೆದ ಹಾಳೆಯನ್ನು ಮೆಲ್ಲಗೆ ಕೈಯಿಂದ ಮುಚ್ಚಿದೆ.

"ಜಯರಾಮು ಅಂತೂ ನೀವಲ್ಲ. ಅಷ್ಟು ಎತ್ತರ ಇಲ್ಲ."

ಸರಿ, ಒಪ್ಪಿಕೊಂಡೆ. ಅವಳು ಕಲಾ, ನಾನೇ ಪ್ರಾಣೇಶ. ನನ್ನದಲ್ಲದ ಮರುಭೂಮಿಯ ಕತೆಯನ್ನು ನನ್ನದೆಂದು ಹೇಳಿದೆ. ನನ್ನದೇ ಆದ ಈ ಒಂದು ಕತೆಯನ್ನು ಇನ್ನೊಬ್ಬನದು ಅಂದೆ. ಕೆಲಸ ಇನ್ನೂ ಸಿಕ್ಕಿಲ್ಲ. ಕಲಾ ಒಳಗೆ ಹೋಗಿ ಅದೇ ಸೂಟ್‌ಕೇಸ್ ತುಂಬುತ್ತಿದ್ದಾಳೆ, ಈ ಸಲ ಇಬ್ಬರ ಬಟ್ಟೆ. ಟಿಕೆಟ್ಟು ಬೆಂಗಳೂರಿಗೆ, ಮುಂದಿನ ಗುರುವಾರಕ್ಕೆ.

ಇದೊಂದು ಸುಳ್ಳಾಗಿದ್ದರೆ ಚೆನ್ನಾಗಿತ್ತು.