ಗೋಡೆಯಾಚೆಯ ಆಮೆನ್

ಪಕ್ಕದ ಮನೆಗೆ ಭಾತಂಬ್ರಾ ಹಳ್ಳಿಯಿಂದ ಕುರಿ ಸಾಕುವವರ ಹೆಂಗಸೊಬ್ಬಳು ಬರುತ್ತಾಳೆಂದು ನನಗೆ ಮೊದಲು ಹೇಳಿದವನು ಹಾಲಿನ ಯುನುಸ. "ಚಂದ್ರಭಾಗಾ ಅಂತ ರೀ ಅಮ್ಮಾ. ಮಗನ ನೌಕರಿ ಇಲ್ಲೇ ಬೀದರದಾಗ. ಆಕಿ ಈ ಗುಡ್ಡದ ಮ್ಯಾಲ ನಿಂತು ಕೂಗಿದ್ರ ಆ ಗುಡ್ಡದ ಕುರಿ ತಿರುಗಿ ನೋಡ್ತಾವ" ಅಂದ. ನಾನು ನಕ್ಕೆ. ಒಂದೇ ವಾರದಲ್ಲಿ ನಗು ನಿಂತಿತು. ನಳದ ಹತ್ತಿರ ನಿಂತು ನಮ್ಮ ಇಡೀ ಮೈಲೂರು ಬಡಾವಣೆಗೆ ಕೇಳುವಂತೆ ಆಕೆ ನನ್ನ ಕೊಡದ ಜಾತಕ ಓದತೊಡಗಿದಳು. (ಕೊಡ ಸೋರುತ್ತಿತ್ತು, ನಿಜ. ಅದನ್ನು ಊರಿಗೆಲ್ಲ ಸಾರಬೇಕೆ?)

ಅದೇ ಹೊತ್ತಿಗೆ ನಮ್ಮ ಪಾಸ್ಟರ್ ಗಿಡಿಯೋನರು, ಪ್ರತಿಯೊಬ್ಬರೂ ನೆರೆಯವರೊಬ್ಬರಿಗಾದರೂ ಸುವಾರ್ತೆ ತಿಳಿಸಬೇಕು ಎಂದು ಸಭೆಯಲ್ಲಿ ಹೇಳಿದರು. ನನಗಿರುವ ನೆರೆಮನೆ ಒಂದೇ. ಇನ್ನೊಂದು ಬದಿ ಖಾಲಿ ಜಾಗ. ಅಲ್ಲಿ ಮೇಯುವ ಎಮ್ಮೆಗೆ ಹೇಳಿದರೆ ಪಾಸ್ಟರು ಒಪ್ಪುವುದಿಲ್ಲ.

ಸುವಾರ್ತಾ ದಂಡಯಾತ್ರೆ ಹೊರಟೆ. ಮೊದಲು ಕ್ರಿಸ್‌ಮಸ್ಸಿನ ಕರಜಿಕಾಯಿ ಒಯ್ದೆ. ಕರಜಿಕಾಯಿ ತಿಂದಳು, ಸುವಾರ್ತೆಯನ್ನು ತಟ್ಟೆಯಲ್ಲೇ ಬಿಟ್ಟಳು. ಮರುದಿನ, "ನೂರು ಕುರಿ ಇದ್ದ ಕುರುಬ ಒಬ್ಬ ಇದ್ದ" ಎಂದು ಶುರು ಮಾಡಿದೆ. ಅಷ್ಟೇ. ಕುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಧ್ಯಾಹ್ನದವರೆಗೆ ಅವಳ ಕುರಿಗಳೇ ಮೆರವಣಿಗೆ ಹೊರಟವು. ನಮ್ಮ ಸ್ವಾಮಿ ಹೇಳಿದ ಕಥೆಯ ಕುರಿ ತಪ್ಪಿಸಿಕೊಳ್ಳುವ ಮೊದಲೇ ನಾನು ಕುರಿ ಕೆಮ್ಮಿನ ಔಷಧ ಕಲಿತು ಮನೆಗೆ ಬಂದೆ.

ಇನ್ನು ಕರ್ತನಿಗೇ ಹೇಳೋಣವೆಂದು ಬೆಳಗಿನ ಪ್ರಾರ್ಥನೆಯಲ್ಲಿ ಅವಳ ಹೆಸರು ಸೇರಿಸಿದೆ. ನಮ್ಮ ಯಜಮಾನರಾದ ರೂಬೆನರಿಗೆ ಕಿವಿ ಮಂದವಿತ್ತು. ಅವರು ಆಮೆನ್ ಅನ್ನಬೇಕೆಂದರೆ ನಾನು ಕೂಗಿಯೇ ಪ್ರಾರ್ಥಿಸಬೇಕಿತ್ತು. ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು, ನನ್ನ ದನಿ ಮಾತ್ರ ಇಳಿದಿಲ್ಲ. "ಕರ್ತನೇ, ಚಂದ್ರಭಾಗಾಳ ಬಲಮೊಣಕಾಲು ವಾಸಿಮಾಡು. ಅವಳ ಹೃದಯ ಬೆಣ್ಣೆ, ನಾಲಿಗೆ ಸುತ್ತಿಗೆ. ಆ ನಾಲಿಗೆಯನ್ನು ಮೆತ್ತಗೆ ಮಾಡು."

ಒಂದು ದಿನ ಆಮೆನ್ ಅಂದು ಕಣ್ಣು ತೆರೆದರೆ ಬಾಗಿಲಲ್ಲಿ ಅವಳೇ, ಸೊಂಟದ ಮೇಲೆ ಕೈ.

"ಇವಾಂಜಲಿನಕ್ಕಾ, ದಿನಾ ಮುಂಜಾನಿ ನಿಮ್ಮ ದೇವರ ಮುಂದ ನನ್ನ ಚಾಡಿ ಹೇಳ್ತೀರಲ್ರಿ?"

ಸುವಾರ್ತೆ ಹಾಳಾಗಲಿ, ಇದ್ದ ಒಬ್ಬ ನೆರೆಯವಳೂ ಹೋದಳು ಅಂದುಕೊಂಡೆ.

"ನಾಲಿಗಿ ಮಾತು ಖರೇನೇ ಬಿಡ್ರಿ. ಆದ್ರ ನೋಯೂದು ಎಡಗಾಲು! ನೀವು ದಿನಾ ಬಲಗಾಲು ಅಂದ್ರ ಆರಾಮ ಹ್ಯಾಂಗಾಗ್ತದ? ನಾಳಿಗಿ ತಿದ್ದಿ ಹೇಳ್ರಿ. ಮತ್ತ ಸೊಸಿ ಉಜ್ವಲಾ ಔರಾದದಾಗ ತೌರಮನ್ಯಾಗ ದಿನ ತುಂಬಿ ಕುಂತಾಳ, ಅಕಿದೂ ಸೇರಸ್ರಿ."

ಮರುದಿನ ನಾಚಿಕೆಯಿಂದ ಪಿಸುದನಿಯಲ್ಲಿ ಪ್ರಾರ್ಥಿಸಿದೆ. ಎರಡೂ ಮನೆಯ ನಡುವಿನ ಗೋಡೆ ಧಬಧಬ ಸದ್ದು ಮಾಡಿತು. "ಅಕ್ಕಾ, ಏನೂ ಕೇಳಸವಲ್ದು! ಜೋರಾಗಿ ಮಾಡ್ರಿ!"

ಜೋರಾಗಿಯೇ ಮಾಡಿದೆ. ಕೊನೆಗೆ ಗೋಡೆಯಾಚೆಯಿಂದ ಗುಡ್ಡ ದಾಟುವ ದನಿಯಲ್ಲಿ "ಆಮೆನ್" ಬಂತು. ನಾನು ಯಜಮಾನರ ಖಾಲಿ ಕುರ್ಚಿಯತ್ತ ತಿರುಗಿ ನೋಡಿದೆ.

ಸಂಜೆ ಅವಳೇ ಬಂದಳು. "ಅವತ್ತು ನೂರು ಕುರಿಯವನ ಕಥಿ ಅರ್ಧಕ್ಕ ಬಿಟ್ರಲ್ರಿ, ಮುಂದ?" ಹೇಳಿದೆ. ತಪ್ಪಿದ ಕುರಿಯನ್ನು ಆತ ಹೆಗಲ ಮೇಲೆ ಹೊತ್ತು ತಂದ ಎಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ದಿನ ಕಳೆದಂತೆ ನಳದ ಹತ್ತಿರವೂ ಅವಳ ದನಿ ಇಳಿಯಿತು. ನನ್ನ ಕೊಡಕ್ಕೆ "ಪಾಪ, ಹಳೇದದ" ಎಂದಷ್ಟೇ ಅನ್ನುತ್ತಿದ್ದಳು. ನಾನು ಬೀಗಿದೆ. ಬರುವ ಭಾನುವಾರ ಸಭೆಯಲ್ಲಿ ಎದ್ದು ನಿಂತು, ನನ್ನ ಪ್ರಾರ್ಥನೆಯಿಂದ ಒಂದು ನಾಲಿಗೆ ಹೇಗೆ ಮೆತ್ತಗಾಯಿತು ಎಂದು ಸಾಕ್ಷಿ ಹೇಳಬೇಕೆಂದು ಮಾತು ಜೋಡಿಸಿಯೂ ಇಟ್ಟೆ.

ಶನಿವಾರ ಔರಾದದಿಂದ ಫೋನು ಬಂತು: ಹೆಣ್ಣು ಮಗು, ತಾಯಿ ಮಗು ಆರಾಮ. ಚಂದ್ರಭಾಗಾ ನನ್ನನ್ನು ಅಪ್ಪಿಕೊಂಡಳು, ಗಂಟು ಕಟ್ಟಿದಳು, ಆಟೋ ಹತ್ತಿದಳು. ಆಟೋ ಹೊರಡುವಾಗ ತಲೆ ಹೊರಗೆ ಹಾಕಿದಳು.

"ಅಕ್ಕಾ, ಕಾಲಿನ ಪ್ರಾರ್ಥನಿ ನಡೀಲ್ರಿ. ಆ ನಾಲಿಗಿದೊಂದು ನಾ ತಿರುಗಿ ಬರೂತನ ನಿಂದರಸ್ರಿ. ಬೀಗತಿ ಮನಿಗಿ ಹೊಂಟೀನಿ, ಅಲ್ಲಿ ನಂಗ ಅದು ಬೇಕಾಗ್ತದ!"